ದೇಶದ ಸಾಲ ಸಣ್ಣ ಬೆಳೆಗಾರನ ಮನೆಗೆ ಬರುವ ದಾರಿ

ಬೆಳೆ ಸಾಲ ಬಾಕಿಯಾದರೆ ಸಂಘದಿಂದ ನೋಟೀಸು ಬರುತ್ತದೆ. ಜಾಮೀನು ನಿಂತವರಿಗೂ ಬರುತ್ತದೆ. ಸರಕಾರ ಮಾಡಿದ ಸಾಲಕ್ಕೆ ಅಂಥ ನೋಟೀಸು ಯಾರ ಮನೆಗೂ ಬರುವುದಿಲ್ಲ. ಆದ್ದರಿಂದ ಅದು ನಮಗೆ ಸಂಬಂಧಿಸಿದ್ದಲ್ಲವೆಂದು ಬಹಳ ಮಂದಿ ತಿಳಿದಿರುತ್ತಾರೆ. ಈ ತಿಳಿವಳಿಕೆ ಸರಿಯಲ್ಲ. ಮೆಣಸಿನ ದರ ಕುಸಿದಾಗಲೆಲ್ಲ ನಾವು ಹೆಸರೆತ್ತುವ ಶ್ರೀಲಂಕಾದಲ್ಲಿ 2022ರಲ್ಲಿ ನಡೆದುದನ್ನು ನೋಡಿದರೆ ಅದು ಅರಿವಾಗುತ್ತದೆ.

ಆ ದೇಶವು ಬಹುಕಾಲ ರಫ್ತಿಗಿಂತ ಆಮದು ಹೆಚ್ಚು ಮಾಡಿ, ಅಂತರವನ್ನು ಸಾಲದಿಂದ ತುಂಬುತ್ತ ಬಂದಿತು. 2007ರಿಂದ ವಿದೇಶಿ ಪೇಟೆಯಲ್ಲಿ ಬಾಂಡುಗಳನ್ನು ಮಾರಿ ಡಾಲರಿನಲ್ಲಿ ಸಾಲ ಎತ್ತತೊಡಗಿತು. ಸದಸ್ಯರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ರೂಪಾಯಿಯ ಸಾಲವನ್ನು ಸರಕಾರ ತೆರಿಗೆಯಿಂದಲೋ, ಕಡೆಗೆ ನೋಟು ಅಚ್ಚು ಹಾಕಿಯೋ ತೀರಿಸಬಹುದು. ಡಾಲರನ್ನು ಅಚ್ಚು ಹಾಕಲಾಗದು. ಚಹಾ, ಸಿದ್ಧ ಉಡುಪು ಮಾರಿ, ಪ್ರವಾಸಿಗಳಿಂದ, ಹೊರದೇಶದಲ್ಲಿ ದುಡಿಯುವವರಿಂದ ಅದು ಬರಬೇಕು.

2019ರ ಕೊನೆಯಲ್ಲಿ ಅಲ್ಲಿನ ಸರಕಾರ ಮೌಲ್ಯವರ್ಧಿತ ತೆರಿಗೆಯನ್ನು ಶೇ. 15ರಿಂದ ಶೇ. 8ಕ್ಕೆ ಇಳಿಸಿತು. ಜನರಿಗೆ ಸಂತೋಷವಾಯಿತು, ಖಜಾನೆ ಬರಿದಾಯಿತು. ಮರುವರ್ಷ ಕೋವಿಡ್ ಬಂದು ಪ್ರವಾಸಿಗಳ ಆದಾಯವೂ ನಿಂತಿತು. 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ಒಮ್ಮೆಲೇ ನಿಷೇಧಿಸಿದರು. ಸಾವಯವ ಕೃಷಿಯೆಂಬುದು ಕೊಟ್ಟ ಕಾರಣ. ಡಾಲರ್ ಉಳಿಸುವ ಆಸೆಯೂ ಅದರೊಳಗಿತ್ತೆಂದೇ ನಮ್ಮ ಎಣಿಕೆ. ನವೆಂಬರಿನಲ್ಲಿ ನಿಷೇಧ ಹಿಂತೆಗೆದರೂ, ಗಿಡ ಆದೇಶ ನೋಡಿ ಚಿಗುರುವುದಿಲ್ಲವಷ್ಟೆ! 2021ರಲ್ಲಿ ಸುಮಾರು 30 ಕೋಟಿ ಕಿಲೋ ಇದ್ದ ಚಹಾ ಉತ್ಪನ್ನ 2022ರಲ್ಲಿ 25 ಕೋಟಿಗೆ ಇಳಿಯಿತು. ಡಾಲರ್ ತರುವ ಬೆಳೆಯೇ ಸೊರಗಿತು.

2022ರ ಏಪ್ರಿಲ್ 12ರಂದು, ವಿದೇಶಿ ಸಾಲದ ಕಂತು ಕಟ್ಟಲಾಗದೆಂದು ಸರಕಾರ ಸಾರಿತು. ಆ ವರ್ಷದ ಆರಂಭದಲ್ಲಿ 200 ರೂಪಾಯಿಯ ಆಸುಪಾಸಿನಲ್ಲಿದ್ದ ಡಾಲರ್ ಮೇ ತಿಂಗಳಿಗೆ 360 ದಾಟಿತು. ಪೆಟ್ರೋಲು, ಅಡುಗೆ ಅನಿಲಕ್ಕೆ ದಿನಗಟ್ಟಲೆ ಸಾಲು ನಿಲ್ಲಬೇಕಾಯಿತು. ಸೆಪ್ಟೆಂಬರಿನಲ್ಲಿ ಬೆಲೆಗಳು ಹಿಂದಿನ ವರ್ಷಕ್ಕಿಂತ ಸುಮಾರು ಶೇ. 70ರಷ್ಟು ಏರಿದ್ದವು.

ಅಲ್ಲಿನ ಚಹಾದಲ್ಲಿ ಮುಕ್ಕಾಲು ಪಾಲಿನಷ್ಟು ಸಣ್ಣ ಹಿಡುವಳಿದಾರರದು. ರೂಪಾಯಿ ಬಿದ್ದುದರಿಂದ ಅವರ ಎಲೆಗೆ ದರವೇನೋ ಏರಿತು. ಆದರೆ ಗೊಬ್ಬರ, ಡೀಸೆಲ್, ಅಕ್ಕಿ ಎಲ್ಲದರ ಬೆಲೆಯೂ ಏರಿತ್ತು. ಕೊಯ್ಯಲು ಎಲೆಯೇ ಕಡಿಮೆಯಿತ್ತು. ಸಾಲ ತೆಗೆಯೋಣವೆಂದರೆ, ಕೇಂದ್ರ ಬ್ಯಾಂಕು ಆ ಏಪ್ರಿಲಿನಲ್ಲಿ ಬಡ್ಡಿ ದರವನ್ನು ಒಂದೇ ಏಟಿಗೆ ಶೇ. 7ರಷ್ಟು ಹೆಚ್ಚಿಸಿತ್ತು.

2023ರ ಮಾರ್ಚಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಸುಮಾರು 300 ಕೋಟಿ ಡಾಲರ್ ನೆರವು ಮಂಜೂರು ಮಾಡಿತು. ಅದರ ಹಿಂದೆ ಷರತ್ತುಗಳೂ ಬಂದವು. ವಿದ್ಯುತ್ ದರ ಏರಿತು. ಇಳಿಸಿದ್ದ ತೆರಿಗೆ 2024ರ ಜನವರಿಗೆ ಶೇ. 18 ಆಯಿತು. ನಮಗೆ ಹೆಚ್ಚು ನೋವೆನಿಸುವುದು ಮತ್ತೊಂದು: 2023ರಲ್ಲಿ ಒಳನಾಡಿನ ಸಾಲವನ್ನು ಮರುಹೊಂದಿಸುವಾಗ ಬ್ಯಾಂಕುಗಳ ಬಾಂಡುಗಳನ್ನು ಬಿಟ್ಟು, ದುಡಿಮೆಗಾರರ ಭವಿಷ್ಯನಿಧಿಯ ಬಾಂಡುಗಳನ್ನು ಕಡಿಮೆ ಬಡ್ಡಿಯ, ದೀರ್ಘಾವಧಿಯ ಬಾಂಡುಗಳಿಗೆ ಬದಲಾಯಿಸಿದರು. ಎಲೆ ಕೀಳುವ ಹೆಂಗಸಿನ ಮುಪ್ಪಿನ ಹಣವೂ ಅದರಲ್ಲಿ ಸೇರಿತ್ತು.

ನಮ್ಮ ದೇಶವೂ ಇಂಥ ಬಾಗಿಲಿನವರೆಗೆ ಹೋಗಿ ಬಂದಿದೆ. 1991ರಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಟ್ಟಿತು. ಜುಲೈನಲ್ಲಿ ರೂಪಾಯಿಯ ಬೆಲೆಯನ್ನು ಎರಡು ಬಾರಿ ಇಳಿಸಲಾಯಿತು. ಈಗ ಕೇಂದ್ರ ಸರಕಾರದ ಸಾಲದ ಬಹುಪಾಲು ರೂಪಾಯಿಯಲ್ಲಿ, ನಮ್ಮದೇ ಬ್ಯಾಂಕು, ವಿಮೆ, ಭವಿಷ್ಯನಿಧಿಗಳಿಂದ ಪಡೆದುದು. ಹಾಗಾಗಿ ಶ್ರೀಲಂಕಾದ ಗತಿ ನಾಳೆಯೇ ನಮಗೆಂದು ಹೆದರಿಸುವುದು ತಪ್ಪು. ಆದರೆ ಬಡ್ಡಿಯಂತೂ ತಪ್ಪದು. 2025-26ರ ಕೇಂದ್ರ ಬಜೆಟ್ಟಿನ ಲೆಕ್ಕದಂತೆ ಖರ್ಚಾಗುವ ಪ್ರತಿ ರೂಪಾಯಿಯಲ್ಲಿ 20 ಪೈಸೆ ಬಡ್ಡಿಗೇ ಹೋಗುತ್ತದೆ. ಗೊಬ್ಬರದ ಸಹಾಯಧನ, ತೋಟದ ಬೆಳೆಗಳ ಸಂಶೋಧನೆ, ಮಲೆನಾಡಿನ ರಸ್ತೆ ಎಲ್ಲಕ್ಕೂ ಉಳಿದ 80 ಪೈಸೆಯಲ್ಲೇ ಪಾಲು ಸಿಗಬೇಕು.