ಮೇಣ ಹೋಗಲಿ, ಬಣ್ಣ ಉಳಿಯಲಿ

ಮಗಳೇ,

ನೀನು ಸ್ವಂತ ದುಡ್ಡಿನಲ್ಲಿ ಹಳೇ ಕೆಂಪು ಮಾರುತಿ 800 ಕೊಂಡೆ ಎಂದು ನಿಮ್ಮಪ್ಪ ಹೇಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ನೀನು ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಬಾನೆಟ್ ಮೇಲೆ ಮಂಜು ಕವಿದಂಥ ಮಬ್ಬು, ಬೀಡಿಂಗ್ ಸಂದಿಯಲ್ಲಿ ಸುಣ್ಣ ಮೆತ್ತಿದಂಥ ಬಿಳಿ. ‘ಬಣ್ಣ ಸತ್ತುಹೋಗಿದೆ, ಪೂರ್ತಿ ಪೇಂಟ್ ಹೊಡೆಸಬೇಕಾ ದೊಡ್ಡಪ್ಪ?’ ಎಂದು ಕೇಳಿದ್ದೀಯ. ಆತುರ ಬೇಡ. ನನಗೆ ಅದು ಮೇಣದ ಹೊರೆಯಂತೆ ಕಾಣುತ್ತಿದೆ. ಹಿಂದಿನವರು ಪ್ರತಿ ಆಯುಧಪೂಜೆಗೂ ಹಳೆಯ ಪದರದ ಮೇಲೇ ಹೊಸ ವ್ಯಾಕ್ಸ್ ಬಳಿದಿರಬೇಕು. ಬಣ್ಣಕ್ಕೆ ಬೇಕಾದದ್ದು ತೆಳುವಾದ ಒಂದು ಪದರ ಮಾತ್ರ. ಹೆಚ್ಚಾದದ್ದು ಮೇಲೆ ಸುಮ್ಮನೆ ಕೂತು ಧೂಳು ಹಿಡಿಯುತ್ತದೆ, ಕುಂಕುಮ ಅರಿಶಿನದ ಕಲೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಮೊದಲು ಅದು ಮೇಣವೇ ಹೌದೋ ಅಲ್ಲವೋ ನೋಡು. ತೊಳೆದು ಒಣಗಿದ ಬಾನೆಟ್ ಮೇಲೆ ಬೆರಳು ಒತ್ತಿ ಎಳೆ. ಜಿಡ್ಡಿನ ಗೆರೆ ಮೂಡಿದರೆ ಮೇಣ. ಒಣ ಬಿಳಿ ಬಟ್ಟೆಗೆ ಕೆಂಪು ಪುಡಿ ಅಂಟಿದರೆ ಅದು ಬಿಸಿಲಿಗೆ ಸವೆದ ಬಣ್ಣ. ಹನಿ ಒಣಗಿದಲ್ಲಿ ದುಂಡಗೆ ಬಿಳಿ ಉಂಗುರಗಳಿದ್ದರೆ ಬೋರ್‌ವೆಲ್ ನೀರಿನ ಸುಣ್ಣ. ಅದಕ್ಕೆ ಮೇಣದ ಮದ್ದು ನಾಟುವುದಿಲ್ಲ. ಒಂದೇ ಗಾಡಿಯಲ್ಲಿ ಮೂರೂ ಇರಬಹುದು.

ಇಷ್ಟು ಹೇಳುವುದಕ್ಕೆ ಕಾರಣವಿದೆ. ನಾನು ಗಾಡಿ ಕೆಲಸ ಕಲಿಯುವ ಕಾಲದಲ್ಲಿ ಒಂದು ಅಂಬಾಸಿಡರ್‌ ಬಾಗಿಲ ಮೇಲೆ ಹೀಗೇ ಬೆಳ್ಳಗೆ ಕಟ್ಟಿದ್ದ ಮೇಣವನ್ನು ಬೇಗ ತೆಗೆಯಬೇಕೆಂದು ವೇಸ್ಟ್ ಬಟ್ಟೆಯನ್ನು ಥಿನ್ನರ್‌ನಲ್ಲಿ ಅದ್ದಿ ಒರೆಸಿದೆ. ಮೇಣ ಹೋಯಿತು, ಜೊತೆಗೆ ಬಣ್ಣವೂ ಸುಕ್ಕಾಗಿ ಬಟ್ಟೆಗೆ ಮೆತ್ತಿಕೊಂಡು ಬಂತು. ಆ ಬಾಗಿಲಿಗೆ ಹಿಂದೆ ಯಾರೋ ಎನ್‌ಸಿ (ನೈಟ್ರೊಸೆಲ್ಯುಲೋಸ್) ಪೇಂಟ್ ಹೊಡೆದಿದ್ದರು. ಥಿನ್ನರ್‌ನಲ್ಲಿ ಕಲಸುವ ಬಣ್ಣ ಅದು, ಒಣಗಿದ ಮೇಲೂ ಥಿನ್ನರ್ ತಾಗಿದರೆ ಕರಗುತ್ತದೆ. ನಾನು ಕೇಳಲಿಲ್ಲ, ಪರೀಕ್ಷೆಯನ್ನೂ ಮಾಡಲಿಲ್ಲ. ಗಾಡಿಯ ಯಜಮಾನರು ಬಾಗಿಲನ್ನು ಸುಮ್ಮನೆ ನೋಡುತ್ತ ನಿಂತದ್ದು ಇವತ್ತಿಗೂ ಕಣ್ಣ ಮುಂದಿದೆ.

ಕಂಪನಿಯಿಂದ ಬರುವ ಕಾರಿನ ಬಣ್ಣ ಪ್ರೈಮರ್‌ನಿಂದ ಮೇಲಿನ ಕೋಟ್‌ವರೆಗೆ ಎಲ್ಲ ಸೇರಿ ಸುಮಾರು 100ರಿಂದ 140 ಮೈಕ್ರಾನ್ ದಪ್ಪ. ನಿನ್ನ ಎರಡು ಕೂದಲನ್ನು ಒಂದರ ಮೇಲೊಂದು ಇಟ್ಟಷ್ಟು. ಈಗಿನ ಕಾರುಗಳಲ್ಲಿ ಅದರ ಮೇಲ್ಭಾಗ ಬಣ್ಣವಿಲ್ಲದ ಕ್ಲಿಯರ್ ಕೋಟ್. ಹಳೆಯ ಗಾಡಿಗಳ ಕೆಂಪು, ಬಿಳಿಯಂಥ ಸಾದಾ ಬಣ್ಣಗಳಿಗೆ ಎಷ್ಟೋ ಸಲ ಆ ಹೊದಿಕೆಯೂ ಇರುವುದಿಲ್ಲ, ನೀನು ಉಜ್ಜುವುದು ನೇರ ಬಣ್ಣವನ್ನೇ. ಅದಕ್ಕೇ ರಬ್ಬಿಂಗ್ ಕಾಂಪೌಂಡ್ ಮುಟ್ಟಬೇಡ, ಬಫಿಂಗ್ ಮಷಿನ್ ಇಟ್ಟುಕೊಂಡವನ ಹತ್ತಿರವೂ ಈಗಲೇ ಬಿಡಬೇಡ. ಕಾಂಪೌಂಡ್ ಮೇಣವನ್ನು ಕರಗಿಸುವುದಿಲ್ಲ, ಬಣ್ಣ ಸಮೇತ ಕೆರೆಯುತ್ತದೆ.

ಬೆಳಿಗ್ಗೆ ನೆರಳಲ್ಲಿ ಶುರು ಮಾಡು. ಕೈಯ ಹಿಂಭಾಗ ಬಾನೆಟ್‌ಗೆ ಇಟ್ಟರೆ ತಣ್ಣಗಿರಬೇಕು. ಧಾರಾಳ ನೀರು ಹೊಡೆದು ಮಣ್ಣು ಹರಿದುಹೋಗಲು ಬಿಡು. ಗೀರು ಬೀಳಿಸುವುದು ಮೇಣವಲ್ಲ, ಮರಳು. ಎರಡು ಬಕೆಟ್ ಇಟ್ಟುಕೋ. ಒಂದರಲ್ಲಿ ಕಾರ್ ಶ್ಯಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೈಕ್ರೋಫೈಬರ್ ಬಟ್ಟೆಯಲ್ಲಿ ಮೇಲಿನಿಂದ ಕೆಳಕ್ಕೆ ತೊಳೆ. ಪಾತ್ರೆ ತಿಕ್ಕುವ ಬಾರ್, ಹಸಿರು ನಾರು, ಬಟ್ಟೆ ಒಗೆಯುವ ಪುಡಿ ಯಾವುದೂ ಗಾಡಿಯ ಹತ್ತಿರ ಬರಕೂಡದು. ಸೀಮೆಎಣ್ಣೆ ಒರೆಸಿದರೆ ತಕ್ಷಣ ಹೊಳೆಯುತ್ತದೆ ಎಂದು ಯಾರಾದರೂ ಹೇಳಿಯಾರು. ಹೊಳೆಯುವುದು ಮೇಲೆ ಉಳಿದ ಅದರ ಎಣ್ಣೆ ಮಾತ್ರ. ಪೆಟ್ರೋಲ್ ಮಾತಂತೂ ಎತ್ತಲೇಬೇಡ, ಒಂದು ಕಿಡಿ ಸಾಕು.

ಶ್ಯಾಂಪೂವಿನಲ್ಲಿ ತೊಳೆದರೆ ಮೇಣ ತುಸು ಹೋಗುತ್ತದೆ, ದಪ್ಪನೆಯದು ಉಳಿಯುತ್ತದೆ. ಆಗ ಪೇಂಟ್ ಅಂಗಡಿಯ ಮಿನರಲ್ ಟರ್ಪೆಂಟೈನ್ ತೆಗೆದುಕೋ. ಡಬ್ಬದ ಮೇಲಿನ ಹೆಸರನ್ನು ಎರಡು ಸಲ ಓದು, ಥಿನ್ನರ್ ಡಬ್ಬವೂ ಅದರ ಪಕ್ಕದಲ್ಲೇ ಇರುತ್ತದೆ. ಡಿಕ್ಕಿಯ ಒಳಂಚಿನಲ್ಲಿ, ಯಾರಿಗೂ ಕಾಣದ ಕಡೆ, ಬಟ್ಟೆಯ ತುದಿಯನ್ನು ತುಸು ತೇವ ಮಾಡಿ ಒರೆಸಿ ಐದು ನಿಮಿಷ ಕಾಯಿ. ಬಣ್ಣ ಅಂಟಂಟಾಯಿತೋ, ಮೆತ್ತಗಾಯಿತೋ, ಅಲ್ಲಿಗೇ ನಿಲ್ಲಿಸು. ಏನೂ ಆಗದಿದ್ದರೂ ಇಡೀ ಗಾಡಿಗೆ ಆ ಒಂದು ಪರೀಕ್ಷೆ ಸಾಲದು. ಮಧ್ಯದಲ್ಲಿ ಯಾವುದಾದರೂ ಬಾಗಿಲಿಗೋ ಮಡ್‌ಗಾರ್ಡಿಗೋ ಟಚಪ್ ಆಗಿದ್ದರೆ ಅದರ ಬಣ್ಣವೇ ಬೇರೆ, ಅಲ್ಲಿ ಮತ್ತೊಮ್ಮೆ ಪರೀಕ್ಷಿಸು.

ಒಂದು ಸಲಕ್ಕೆ ಅಂಗೈ ಅಗಲ ಎರಡು ಮೂರು ಸೇರಿಸಿದಷ್ಟು ಜಾಗ ಸಾಕು. ಹಗುರ ಕೈಯಲ್ಲಿ ಒರೆಸಿ, ಒಣಗುವ ಮೊದಲೇ ಶುದ್ಧ ಬಟ್ಟೆಯಲ್ಲಿ ಎತ್ತಿಕೋ. ಬಟ್ಟೆಯನ್ನು ಮಡಿಚಿ ಮಡಿಚಿ ಹೊಸ ಮಗ್ಗುಲು ತಿರುಗಿಸುತ್ತಿರು, ಇಲ್ಲದಿದ್ದರೆ ತೆಗೆದ ಮೇಣವನ್ನೇ ಮತ್ತೆ ಬಳಿಯುತ್ತೀಯ. ತಿಳಿಗೆಂಪು ಅಂಟಿದರೆ ಹೆದರಬೇಡ, ಅದು ಮೇಲಿನ ಸವೆದ ಬಣ್ಣ. ಕಡುಗೆಂಪು ಬಂದರೆ ಕೈ ಎತ್ತು. ರಬ್ಬರ್ ಬೀಡಿಂಗ್‌ಗೂ ಕಪ್ಪು ಪ್ಲಾಸ್ಟಿಕ್ಕಿಗೂ ಟರ್ಪೆಂಟೈನ್ ತಾಗದಿರಲಿ. ಆ ಸಂದಿಗಳಿಗೆ ಶ್ಯಾಂಪೂ ನೀರು, ಹಳೇ ಮೆತ್ತನೆಯ ಹಲ್ಲುಜ್ಜುವ ಬ್ರಷ್, ಮತ್ತು ಸಹನೆ. ಕೈಗೆ ಗ್ಲೌಸ್ ಹಾಕಿಕೋ. ಗಾಳಿಯಾಡುವ ಕಡೆ, ಒಲೆ ದೀಪ ಬೀಡಿಗಳಿಂದ ದೂರ ಮಾಡು. ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಬಯಲಿನಲ್ಲಿ ಹರಡಿ ಒಣಗಿಸು.

ಮತ್ತೆ ಶ್ಯಾಂಪೂ ಹಾಕಿ ತೊಳೆ. ಆಮೇಲೂ ಎಲ್ಲಾದರೂ ಜಿಡ್ಡಿನ ಛಾಯೆ ಉಳಿದರೆ ಮೆಡಿಕಲ್ ಶಾಪಿನ 70 ಪ್ರತಿಶತದ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲಿಗೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಎರಡು ಪಾಲು ಬೆರೆಸಿ ಒರೆಸು. ಇದನ್ನೂ ಮೊದಲು ಡಿಕ್ಕಿಯ ಅಂಚಿನಲ್ಲೇ ನೋಡಬೇಕು. ಸ್ಯಾನಿಟೈಜರ್ ಬಾಟಲಿ ಕೈಗೆ ಸಿಕ್ಕಿತೆಂದು ಅದನ್ನು ಹಾಕಬೇಡ. ಅದರಲ್ಲಿ ಗ್ಲಿಸರಿನ್ ಇರುವುದೇ ಹೆಚ್ಚು, ತೆಗೆದ ಜಿಡ್ಡಿನ ಜಾಗಕ್ಕೆ ಹೊಸ ಜಿಡ್ಡು ಬರುತ್ತದೆ. ಮೇಣ ಹೋಯಿತೋ ಇಲ್ಲವೋ ಎಂದು ನೀರೇ ಹೇಳುತ್ತದೆ. ಮೇಣವಿದ್ದಲ್ಲಿ ಕೆಸುವಿನ ಎಲೆಯ ಮೇಲಿನಂತೆ ಹನಿ ಗುಂಡಗೆ ನಿಲ್ಲುತ್ತದೆ, ಹೋದಲ್ಲಿ ಹಾಳೆಯಂತೆ ಹರಡಿ ಇಳಿಯುತ್ತದೆ.

ಮೇಣ ಹೋದ ಮೇಲೆ ಬಣ್ಣವನ್ನು ಬರಿಮೈಯಲ್ಲಿ ಬಿಸಿಲಿಗೆ ಬಿಡಬೇಡ. ಕಾರ್ನೌಬಾ ವ್ಯಾಕ್ಸ್ ತೆಳ್ಳಗೆ ಒಂದೇ ಕೈ ಹಚ್ಚು. ಬ್ರೆಜಿಲ್‌ನ ಈಶಾನ್ಯದ ಒಣನಾಡಿನಲ್ಲಿ ಬೆಳೆಯುವ ಒಂದು ತಾಳೆಜಾತಿಯ ಮರದ ಎಲೆಯಿಂದ ಬರುವ ಮೇಣ ಅದು. ತನ್ನ ನೀರು ಆರಿಹೋಗದಿರಲೆಂದು ಆ ಮರ ಎಲೆಗೆ ಹೊದಿಸಿಕೊಳ್ಳುತ್ತದೆ. 80 ಡಿಗ್ರಿ ದಾಟಿದ ಮೇಲೇ ಕರಗುವಷ್ಟು ಗಟ್ಟಿ. ಮರ ತನಗಾಗಿ ಮಾಡಿಕೊಂಡ ಹೊದಿಕೆ ನಮ್ಮ ಗಾಡಿಯನ್ನು ಕಾಯುತ್ತದೆ ಎಂದು ನೆನೆದಾಗಲೆಲ್ಲ ನನಗೆ ಪ್ರೀತಿ ಉಕ್ಕುತ್ತದೆ.

ಮುಂದಿನ ಸಲ ನೀರು ಹನಿಗಟ್ಟುವುದು ನಿಂತ ಮೇಲೇ ಮತ್ತೆ ಹಚ್ಚು. ಪೂಜೆಯ ದಿನ ಕುಂಕುಮವನ್ನು ಬಣ್ಣಕ್ಕಿಡದೆ ಗಾಜಿಗಿಡು, ನಿಂಬೆಹಣ್ಣು ಚಕ್ರದ ಕೆಳಗೇ ಇರಲಿ. ಇಷ್ಟೆಲ್ಲ ಮಾಡಿಯೂ ಮಬ್ಬು ಉಳಿದರೆ ಬಟ್ಟೆ ಕೆಳಗಿಟ್ಟು ನನಗೆ ಫೋನ್ ಮಾಡು. ಭಾನುವಾರ ಮೊದಲ ಬಸ್ಸಿಗೇ ಬರುತ್ತೇನೆ.

ನಿನ್ನ ದೊಡ್ಡಪ್ಪ