ಬೆಳ್ಳಿ ಪಾತ್ರೆಯ ಮೇಲಿನ ಮುದ್ರೆಗಳು

ಇಂಗ್ಲೆಂಡಿನ ಪ್ರಭು ಮನೆತನಗಳಿಗೆ ಬೆಳ್ಳಿಯ ತಟ್ಟೆ, ಚಮಚ, ಹೂಜಿಗಳು ಊಟದ ಮೇಜಿನ ಅಲಂಕಾರ ಮಾತ್ರವಲ್ಲ, ಆಪತ್ಕಾಲದ ಧನವೂ ಆಗಿದ್ದವು. ಹಣ ಬೇಕಾದಾಗ ಅವನ್ನು ಕರಗಿಸಿ ನಾಣ್ಯ ಮಾಡಬಹುದಿತ್ತು. 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿದಾಗ ಎಷ್ಟೋ ಪಾತ್ರೆಗಳು ಹೀಗೆ ಕರಗಿಹೋದವು. ಆದುದರಿಂದ ಅದಕ್ಕೂ ಹಿಂದಿನವು ಇಂದು ವಿರಳ.

ಬೆಳ್ಳಿಯೇ ಹಣವಾದ ಮೇಲೆ ಅದರಲ್ಲಿ ಕಲಬೆರಕೆ ಆಗಬಾರದಷ್ಟೆ? 1300ರಲ್ಲಿ ದೊರೆ ಒಂದನೆಯ ಎಡ್ವರ್ಡನು ಶಾಸನ ಮಾಡಿ, ಪರೀಕ್ಷಿಸಿದ ಬೆಳ್ಳಿಗೆ ಚಿರತೆಯ ತಲೆಯ ಮುದ್ರೆ ಒತ್ತಿಸಿದನು. ಸಾವಿರದಲ್ಲಿ 925 ಭಾಗ ಶುದ್ಧ ಬೆಳ್ಳಿ ಇರಬೇಕು. ಗಟ್ಟಿತನಕ್ಕಾಗಿ ಉಳಿದದ್ದು ಸಾಮಾನ್ಯವಾಗಿ ತಾಮ್ರ. 1478ರಿಂದ ವರ್ಷವನ್ನು ಸೂಚಿಸುವ ಅಕ್ಷರವೂ, 1544ರಿಂದ ನಡೆಯುವ ಸಿಂಹವೂ ಸೇರಿದವು. ಲಂಡನ್ನಿನ ಅಕ್ಕಸಾಲಿಗರ ಸಂಘದ ‘ಹಾಲ್’ನಲ್ಲಿ ಒತ್ತಿದ ಮುದ್ರೆಯೇ ‘ಹಾಲ್‌ಮಾರ್ಕ್’. ನಮ್ಮ ಚಿನ್ನದಂಗಡಿಗಳಲ್ಲಿ ಕೇಳಿಬರುವ ಮಾತು ಇದೇ.

ಒಡೆಯರು ಪಾತ್ರೆಯ ಮೇಲೆ ಮನೆತನದ ಲಾಂಛನವನ್ನೂ ಕೆತ್ತಿಸುತ್ತಿದ್ದರು. ಮದುವೆಯಾದರೆ ಹೆಂಡತಿಯ ತವರಿನ ಲಾಂಛನ ಪಕ್ಕದಲ್ಲಿ ಸೇರುತ್ತಿತ್ತು. ಪಾತ್ರೆಯನ್ನು ಕೊಂಡವನು ಹಳೆಯದನ್ನು ಉಜ್ಜಿ ತೆಗೆಸಿ ತನ್ನದನ್ನು ಕೆತ್ತಿಸುವುದೂ ಉಂಟು. ಅಲ್ಲಿ ತಗಡು ತೆಳುವಾದದ್ದು ಬೆರಳಿಗೆ ತಿಳಿಯುತ್ತದೆ.

ಮಕ್ಕಳೇ, ಲಾಂಛನ ಒಡೆಯನ ಹೆಸರು ಹೇಳುತ್ತದೆ, ಒಡೆಯ ಬದಲಾಗುತ್ತಾನೆ. ಮುದ್ರೆ ಲೋಹದ ಗುಣ ಹೇಳುತ್ತದೆ, ಗುಣ ಬದಲಾಗದು.