ಅಧಿಕರಣ ವಿಚಾರ: ರೋಟರಿ ಟೇಬಲ್ಲಿನ ಹಿಡಿತದ ಸಾಧನಗಳು

“ಅಕ್ಕಸಾಲಿಗನು ಉಳಿಯಿಂದ ತಗಡನ್ನು ಕೆತ್ತಿದನು” ಎಂಬ ವಾಕ್ಯವನ್ನು ಕರಿಹಲಗೆಯ ಮೇಲೆ ಬರೆದು ಕಾರಕಗಳನ್ನು ಗುರುತಿಸಿರೆಂದರೆ, ಪ್ರೌಢಶಾಲೆಯ ವಿದ್ಯಾರ್ಥಿಯು ಕರ್ತೃ, ಕರಣ, ಕರ್ಮಗಳನ್ನು ತಡವಿಲ್ಲದೆ ತೋರಿಸುತ್ತಾನೆ. ಆದರೆ ಕೆತ್ತುವಾಗ ಆ ತಗಡು ಎಲ್ಲಿದ್ದಿತೆಂದು ಕೇಳಿದರೆ ತರಗತಿ ಮೌನವಾಗುತ್ತದೆ. ಅಕ್ಕಸಾಲಿಗನು ಮೊದಲು ಅರಗನ್ನು ಕಾಯಿಸಿ ಮರದ ತುಂಡಿನ ಮೇಲೆ ಹರಡಿ, ಅದರಲ್ಲಿ ತಗಡನ್ನು ಹುದುಗಿಸಿ, ಅರಗು ಗಟ್ಟಿಯಾದ ಬಳಿಕವಷ್ಟೇ ಉಳಿಯನ್ನು ಕೈಗೆತ್ತಿಕೊಂಡನು. ಆ ಅರಗೇ ಇಲ್ಲಿ ಅಧಿಕರಣ. ವಾಕ್ಯದಲ್ಲಿ ಅದು ಬಾಯಿಬಿಟ್ಟು ಹೇಳಲ್ಪಟ್ಟಿಲ್ಲ. ಆದರೂ ಅದಿಲ್ಲದೆ ಕ್ರಿಯೆ ಸಿದ್ಧಿಸುವುದಿಲ್ಲ.

ಲೋಹದ ಕೆಲಸದಲ್ಲಿ ಹೀಗೆ ಹೆಸರಿಲ್ಲದೆ ದುಡಿಯುವ ಅಧಿಕರಣವನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯುವುದು ಪ್ರಕೃತ ಲೇಖನದ ಉದ್ದೇಶ. ಕನ್ನಡ ಪಂಡಿತನಿಗೆ ಯಂತ್ರದ ಗೊಡವೆ ಏತಕ್ಕೆಂದು ಯಾರಾದರೂ ಕೇಳಬಹುದು. ಪದವನ್ನು ಕಲಿಸುವವನು ಪದಾರ್ಥವನ್ನೂ ಅರಿತಿರಬೇಕೆಂಬುದೇ ಅದಕ್ಕೆ ಉತ್ತರ. ನನ್ನ ಹಳೆಯ ಶಿಷ್ಯರಲ್ಲಿ ಕೆಲವರು ಮನೆಯ ಹಿತ್ತಿಲಿನಲ್ಲಿ ಚಿಕ್ಕ ಲೇತನ್ನೂ ಮಿಲ್ಲಿಂಗ್ ಯಂತ್ರವನ್ನೂ ಇಟ್ಟುಕೊಂಡಿದ್ದಾರೆ. ಅವರ ಬಳಿ ಕುಳಿತು, ನೋಡಿ, ಕೇಳಿ ತಿಳಿದುದನ್ನು ಇಲ್ಲಿ ಕ್ರಮವಾಗಿ ನಿರೂಪಿಸಿದ್ದೇನೆ.

ಯಂತ್ರದ ಸ್ವರೂಪ

ಮಿಲ್ಲಿಂಗ್ ಯಂತ್ರದಲ್ಲಿ ತಿರುಗುವುದು ಕಟ್ಟರ್; ಕೆಲಸದ ವಸ್ತು ಮೇಜಿನ ಮೇಲೆ ಎಡಕ್ಕೆ ಬಲಕ್ಕೆ, ಹಿಂದಕ್ಕೆ ಮುಂದಕ್ಕೆ ಸರಿಯುತ್ತದೆ. ಹೀಗಾಗಿ ಅದರಿಂದ ಸರಳರೇಖೆಯ ಕೆಲಸ ಸುಲಭ. ವೃತ್ತಾಕಾರದ ಅಂಚನ್ನು ಕೊರೆಯಬೇಕಾದಾಗ, ಚಕ್ರಕ್ಕೆ ಹಲ್ಲು ಹಾಕಬೇಕಾದಾಗ, ಒಂದು ವೃತ್ತದ ಮೇಲೆ ಸಮಾಂತರದಲ್ಲಿ ಗುಂಡಿಗಳನ್ನು ತೋಡಬೇಕಾದಾಗ ವಸ್ತುವನ್ನೇ ಅಳತೆಗೆ ತಕ್ಕಂತೆ ತಿರುಗಿಸುವ ಒಂದು ಪೀಠ ಬೇಕು. ತಿರುಗುಮಣೆ ಎಂದು ಅದಕ್ಕೆ ಹೆಸರಿಡಬಹುದಾದರೂ, ಕಾರ್ಯಾಗಾರದಲ್ಲಿ ಎಲ್ಲರೂ ರೋಟರಿ ಟೇಬಲ್ ಎಂದೇ ಕರೆಯುವುದರಿಂದ ಆ ಹೆಸರನ್ನೇ ಉಳಿಸಿಕೊಂಡಿದ್ದೇನೆ.

ಇದರ ಒಡಲಲ್ಲಿ ಒಂದು ಹಲ್ಲುಚಕ್ರ, ಅದಕ್ಕೆ ಕಚ್ಚಿಕೊಂಡ ಒಂದು ವರ್ಮ್ ತಿರುಪು. ಚಕ್ರಕ್ಕೆ 90 ಹಲ್ಲುಗಳಿದ್ದರೆ ಹಿಡಿಕೆಯ ಒಂದು ಸುತ್ತಿಗೆ ಮೇಜು 4 ಡಿಗ್ರಿ ತಿರುಗುತ್ತದೆ. 72 ಇದ್ದರೆ 5 ಡಿಗ್ರಿ. 40 ಇದ್ದರೆ 9 ಡಿಗ್ರಿ. ಇದೇ ತತ್ತ್ವದ ಮೇಲೆ ಇಂಗ್ಲೆಂಡಿನ ಜೆಸ್ಸಿ ರಾಮ್ಸ್‌ಡನ್ ಎಂಬ ಉಪಕರಣ ನಿರ್ಮಾತೃವು ನೌಕಾಯಾನದ ಅಳತೆಯ ಉಪಕರಣಗಳಿಗೆ ಗೆರೆ ಹಾಕುವ ಯಂತ್ರವೊಂದನ್ನು ರಚಿಸಿ, ಅದರ ವಿವರಣೆಯನ್ನು 1777ರಲ್ಲಿ ಪ್ರಕಟಿಸಿದನು. ಅವನ ಚಕ್ರದ ವ್ಯಾಸ 45 ಅಂಗುಲ, ಹಲ್ಲುಗಳು 2160. ತಿರುಪಿನ ಒಂದು ಸುತ್ತಿಗೆ ಚಕ್ರವು 10 ಕಲೆಯಷ್ಟು ಮಾತ್ರ ಚಲಿಸುತ್ತಿತ್ತು. ಡಿಗ್ರಿಯ ಅರವತ್ತನೆಯ ಭಾಗವನ್ನು ನಮ್ಮ ಜ್ಯೋತಿಷ ಗ್ರಂಥಗಳು ಕಲೆ ಎನ್ನುತ್ತವೆಂಬುದನ್ನು ವಾಚಕರು ಬಲ್ಲರು.

ಮನೆಯ ಕಾರ್ಯಾಗಾರವೆಂಬ ಸಂಪ್ರದಾಯಕ್ಕೂ ಇಂಗ್ಲೆಂಡಿನಲ್ಲಿ ದೀರ್ಘ ಇತಿಹಾಸವಿದೆ. ಪರ್ಸಿವಲ್ ಮಾರ್ಷಲ್ ಎಂಬಾತನು 1898ರಲ್ಲಿ ಆರಂಭಿಸಿದ ‘ಮಾಡೆಲ್ ಇಂಜಿನಿಯರ್’ ಪತ್ರಿಕೆಯು, ಬಿಡುವಿನ ವೇಳೆಯಲ್ಲಿ ಪುಟ್ಟ ಉಗಿಯಂತ್ರಗಳನ್ನು ಕಟ್ಟುವ ಹವ್ಯಾಸಿಗಳಿಗೆ ಬೇಕಾದ ಉಪಕರಣಗಳನ್ನು ತಾವೇ ಮಾಡಿಕೊಳ್ಳುವ ಬಗೆಯನ್ನು ತಲೆಮಾರುಗಳ ಕಾಲ ಕಲಿಸಿತು. ನಮ್ಮ ನಾಡಿನಲ್ಲಿಯೂ ಇಂತಹ ಕೆಲಸಕ್ಕೆ ನೆಲೆಯಿಲ್ಲದಿಲ್ಲ. ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಂದು ನಡೆಯುತ್ತಿಲ್ಲವಾದರೂ, ಅಲ್ಲಿ ತಯಾರಾದ ಲೇತುಗಳು ಸಣ್ಣ ಕಾರ್ಯಾಗಾರಗಳಲ್ಲಿ ಇನ್ನೂ ತಿರುಗುತ್ತಿವೆ.

ನಿಲ್ಲಿಸುವುದು ಬೇರೆ, ಬಿಗಿಯುವುದು ಬೇರೆ

ರೋಟರಿ ಟೇಬಲ್ಲನ್ನು ಹಣ ಕೊಟ್ಟು ತರಬಹುದು. ಆದರೆ ಬರಿಯ ಟೇಬಲ್ಲು ಅರಗಿಲ್ಲದ ಮರದ ತುಂಡು. ಅದರ ಮೇಲೆ ವಸ್ತುವನ್ನು ಹಿಡಿದಿಡುವ ಸಾಧನಗಳು ಬೇರೆಯೇ ಬೇಕು. ಅವುಗಳನ್ನು ಮಾಡಿಕೊಳ್ಳುವ ಮುನ್ನ ಹಿಡಿತವೆಂದರೇನೆಂಬುದನ್ನು ವಿವೇಚಿಸಬೇಕು.

ಯಾವುದೇ ಘನವಸ್ತುವಿಗೆ ಆರು ಬಗೆಯ ಚಲನೆಗಳುಂಟು. ಉದ್ದ, ಅಗಲ, ಎತ್ತರಗಳ ದಿಕ್ಕಿನಲ್ಲಿ ಸರಿಯುವುವು ಮೂರು. ಆ ಮೂರು ದಿಕ್ಕುಗಳನ್ನು ಅಚ್ಚಾಗಿಟ್ಟುಕೊಂಡು ತಿರುಗುವುವು ಮೂರು. ಮೇಜಿನ ಸಮತಲವು ವಸ್ತುವನ್ನು ಕೆಳಕ್ಕಿಳಿಯದಂತೆಯೂ ಎರಡು ದಿಕ್ಕಿಗೆ ವಾಲದಂತೆಯೂ ತಡೆಯುವುದರಿಂದ ಮೂರು ಚಲನೆಗಳು ಹೋದುವು. ನಡುವಿನ ರಂಧ್ರದಲ್ಲಿ ಕೂರಿಸಿದ ಗೂಟವು ಅತ್ತಿತ್ತ ಸರಿಯುವ ಎರಡನ್ನು ತಡೆಯುತ್ತದೆ. ಅಂಚಿಗೆ ತಾಗಿದ ಒಂದು ಸಣ್ಣ ಪಿನ್ನು ಗೂಟದ ಸುತ್ತ ತಿರುಗುವ ಉಳಿದೊಂದನ್ನು ತಡೆಯುತ್ತದೆ. ಇಷ್ಟಾದರೆ ವಸ್ತುವಿನ ಸ್ಥಾನ ನಿರ್ಣಯವಾಯಿತು. ಕ್ಲಾಂಪಿನ ಕೆಲಸ ಆ ಸ್ಥಾನವನ್ನು ಕಾಪಾಡುವುದೇ ಹೊರತು ನಿರ್ಣಯಿಸುವುದಲ್ಲ. ಸರಿಯಾಗಿ ಕೂರದ ತೆಳುವಾದ ತಟ್ಟೆಯನ್ನು ಕ್ಲಾಂಪಿನಿಂದ ಅದುಮಿ ಕೂರಿಸಿದರೆ ಅದು ಬಾಗುತ್ತದೆ. ಬಾಗಿದಂತೆಯೇ ಅದನ್ನು ಸಮತಟ್ಟಾಗಿ ಕೊರೆದು ಕ್ಲಾಂಪನ್ನು ಸಡಿಲಿಸಿದ ಕೂಡಲೇ ಮೊದಲಿನ ಡೊಂಕಿಗೆ ಮರಳಿ, ಕೊರೆದ ಸಮತಲವು ಕೆಡುತ್ತದೆ.

ಮನೆಯಲ್ಲಿಯೇ ಮಾಡಬಹುದಾದ ಸಾಧನಗಳು

ಮೊದಲನೆಯದು ಕೇಂದ್ರದ ಗೂಟ. ಅನೇಕ ಟೇಬಲ್ಲುಗಳ ನಡುವಿನ ರಂಧ್ರವು ಮೋರ್ಸ್ ಟೇಪರ್ ಎಂಬ ಇಳಿಜಾರಿನದಾಗಿರುತ್ತದೆ. ಎರಡನೆಯ ಸಂಖ್ಯೆಯ ಟೇಪರಿನಲ್ಲಿ 20 ಮಿಲಿಮೀಟರ್ ಉದ್ದಕ್ಕೆ ಸುಮಾರು 1 ಮಿಲಿಮೀಟರ್ ವ್ಯಾಸ ಕಡಿಮೆಯಾಗುತ್ತದೆ. ಗೂಟದ ಇಳಿಜಾರನ್ನೂ ಮೇಲಣ ನೇರ ಭಾಗವನ್ನೂ ಲೇತಿನಲ್ಲಿ ಒಂದೇ ಹಿಡಿತದಲ್ಲಿ ಕಡೆಯಬೇಕು. ನಡುವೆ ಬಿಚ್ಚಿ ಮತ್ತೆ ಕಟ್ಟಿದರೆ ಎರಡರ ಕೇಂದ್ರಗಳು ಒಂದಾಗಿರುವ ಭರವಸೆಯಿಲ್ಲ. ನೇರ ಭಾಗವನ್ನು 10 ಮಿಲಿಮೀಟರ್ ವ್ಯಾಸಕ್ಕೆ ಕಡೆದಿಟ್ಟು, ದೊಡ್ಡ ರಂಧ್ರದ ವಸ್ತುಗಳಿಗಾಗಿ ಅದರ ಮೇಲೆ ತೊಡಿಸುವ ಉಂಗುರಗಳನ್ನು ಬೇಕಾದ ಅಳತೆಗಳಲ್ಲಿ ಮಾಡಿಕೊಳ್ಳಬಹುದು.

ಎರಡನೆಯದು ಟೀ-ನಟ್. ಮೇಜಿನಲ್ಲಿ ಟೀ-ಸ್ಲಾಟ್ ಎಂಬ ಕಾಲುವೆಗಳಿರುತ್ತವೆ. ಅವುಗಳ ಅಳತೆ ಒಂದೊಂದು ತಯಾರಿಕೆಗೆ ಒಂದೊಂದಾದ್ದರಿಂದ, ತನ್ನ ಮೇಜನ್ನೇ ಅಳೆದು ಮೆದು ಉಕ್ಕಿನ ಪಟ್ಟಿಯಿಂದ ನಟ್ಟುಗಳನ್ನು ಮಾಡಿಕೊಳ್ಳುವುದೇ ಲೇಸು. ಇಲ್ಲಿ ಎರಡು ನಿಯಮಗಳನ್ನು ಮರೆಯಬಾರದು. ನಟ್ಟಿನ ಕುತ್ತಿಗೆ ಮೇಜಿನ ಮೇಲ್ಮೈಗಿಂತ ತುಸು ಕೆಳಗೇ ನಿಲ್ಲಬೇಕು. ಎರಡನೆಯದಾಗಿ, ಬೋಲ್ಟು ನಟ್ಟನ್ನು ದಾಟಿ ಕಾಲುವೆಯ ತಳಕ್ಕೆ ತಾಗಬಾರದು. ತಾಗಿದರೆ ಬಿಗಿದಷ್ಟೂ ನಟ್ಟು ಮೇಲೆದ್ದು ಎರಕದ ಕಬ್ಬಿಣದ ತುಟಿಯನ್ನು ಒಡೆಯುತ್ತದೆ. ಒಡೆದ ಎರಕಕ್ಕೆ ಮದ್ದಿಲ್ಲ. ಆದುದರಿಂದ ನಟ್ಟಿನ ಕೆಳಮುಖದ ಕೊನೆಯ ಥ್ರೆಡ್ಡನ್ನು ಪಂಚಿನಿಂದ ಜಜ್ಜಿ ಬೋಲ್ಟಿನ ದಾರಿಯನ್ನು ಮುಚ್ಚುವುದು ವಾಡಿಕೆ.

ಮೂರನೆಯದು ಕ್ಲಾಂಪ್ ಪಟ್ಟಿ ಮತ್ತು ಅದರ ಹಿಂಬದಿಯ ದಿಮ್ಮಿ. ಇದು ಸನ್ನೆಗೋಲಿನ ನ್ಯಾಯಕ್ಕೆ ಒಳಪಟ್ಟದ್ದು. ಪಟ್ಟಿಯ ಮೂತಿ ವಸ್ತುವಿನ ಮೇಲೆ, ಹಿಮ್ಮಡಿ ದಿಮ್ಮಿಯ ಮೇಲೆ, ಬೋಲ್ಟು ನಡುವೆ. ಬೋಲ್ಟಿನಿಂದ ವಸ್ತುವಿಗೆ 20 ಮಿಲಿಮೀಟರ್, ದಿಮ್ಮಿಗೆ 60 ಮಿಲಿಮೀಟರ್ ಇದ್ದರೆ ಬೋಲ್ಟಿನ ಬಲದಲ್ಲಿ ನಾಲ್ಕರಲ್ಲಿ ಮೂರು ಪಾಲು ವಸ್ತುವಿಗೆ ದಕ್ಕುತ್ತದೆ. ಅಂತರಗಳು ಅದಲುಬದಲಾದರೆ ವಸ್ತುವಿಗೆ ಒಂದೇ ಪಾಲು. ಉಳಿದ ಮೂರು ಪಾಲು ದಿಮ್ಮಿಯನ್ನು ಒತ್ತುವುದರಲ್ಲಿ ವ್ಯರ್ಥ. ದಿಮ್ಮಿಯು ವಸ್ತುವಿಗಿಂತ ಕೂದಲೆಳೆಯಷ್ಟು ಎತ್ತರವಾಗಿದ್ದರೆ ಮೂತಿಯ ತುದಿಯೇ ಕಚ್ಚುತ್ತದೆ. ಗಿಡ್ಡವಾಗಿದ್ದರೆ ಪಟ್ಟಿಯು ವಸ್ತುವಿನ ಅಂಚನ್ನು ಮಾತ್ರ ತುಳಿದು ಅದನ್ನು ವಾಲಿಸಲೆಳಸುತ್ತದೆ.

ನಾಲ್ಕನೆಯದು ಮೇಲುತಟ್ಟೆ. ಅತ್ಯಂತ ಉಪಯುಕ್ತವಾದುದು ಇದೇ. 150 ಮಿಲಿಮೀಟರ್ ವ್ಯಾಸದ ಟೇಬಲ್ಲಿಗೆ ಅಷ್ಟೇ ಅಗಲದ, 15 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಟ್ಟೆ ಸಾಕು. ಕೇಂದ್ರದ ಗೂಟಕ್ಕೆ ತಕ್ಕ ರಂಧ್ರವನ್ನು ನಡುವೆ ಕೊರೆದು, 45 ಮಿಲಿಮೀಟರ್ ತ್ರಿಜ್ಯದಲ್ಲಿ ತಲೆ ಹುದುಗುವ ನಾಲ್ಕು ಎಂ8 ಬೋಲ್ಟುಗಳಿಂದ ಟೀ-ಸ್ಲಾಟುಗಳಿಗೆ ಅದನ್ನು ಬಿಗಿಯಬೇಕು. ಬಳಿಕ ಟೇಬಲ್ಲನ್ನೇ ತಿರುಗಿಸುತ್ತ 30 ಮಿಲಿಮೀಟರ್ ತ್ರಿಜ್ಯದಲ್ಲಿ 8, 60 ಮಿಲಿಮೀಟರ್ ತ್ರಿಜ್ಯದಲ್ಲಿ 12 ಗುಂಡಿಗಳನ್ನು 5 ಮಿಲಿಮೀಟರ್ ಡ್ರಿಲ್ಲಿನಿಂದ ತೋಡಿ ಎಂ6 ಟ್ಯಾಪ್ ಹಾಕಬೇಕು. ತೊಂಬತ್ತು ಹಲ್ಲಿನ ಟೇಬಲ್ಲಾದರೆ ಎಂಟರ ವಿಭಾಗಕ್ಕೆ ಹಿಡಿಕೆಯನ್ನು ಪ್ರತಿಸಲ ಹನ್ನೊಂದೂಕಾಲು ಸುತ್ತು, ಹನ್ನೆರಡರ ವಿಭಾಗಕ್ಕೆ ಏಳೂವರೆ ಸುತ್ತು ತಿರುಗಿಸಬೇಕು. ಏಳರಂತಹ ವಿಭಾಗ ಬಂದಾಗ 12 ಪೂರ್ಣ ಸುತ್ತು ಮತ್ತು ಏಳರಲ್ಲಿ ಆರು ಅಂಶ; ಅದಕ್ಕೆ 21 ರಂಧ್ರಗಳ ವಿಭಾಗ ಫಲಕದಲ್ಲಿ 18 ಅಂತರಗಳನ್ನು ಎಣಿಸಬೇಕು.

ಈ ತಟ್ಟೆಯಿಂದ ಲಾಭ ಹಲವು. ಕ್ಲಾಂಪಿನ ತಿರುಪನ್ನು ಬೇಕಾದ ಗುಂಡಿಗೆ ಹಾಕಬಹುದು. ವಸ್ತುವನ್ನು ಆರಪಾರ ಕೊರೆಯುವಾಗ ಡ್ರಿಲ್ಲು ತಾಗುವುದು ಅಗ್ಗದ ತಟ್ಟೆಗೇ ಹೊರತು ಬೆಲೆಬಾಳುವ ಮೇಜಿಗಲ್ಲ. ಗಾಯಗಳು ಹೆಚ್ಚಾದಾಗ ಮೇಲ್ಮೈಯನ್ನು ತೆಳ್ಳಗೆ ಹೆರೆದರೆ ಹೊಸದಾಗುತ್ತದೆ.

ಐದನೆಯದು ಚಕ್ ಕೂರಿಸುವ ತಟ್ಟೆ. ದುಂಡನೆಯ ಸರಳುಗಳನ್ನು ಹಿಡಿಯಲು ಮೂರು ದವಡೆಯ ಚಕ್ ಬೇಕು. ಅದರ ಬೆನ್ನಿನ ತಗ್ಗಿಗೆ ಹೊಂದುವ ವೃತ್ತಾಕಾರದ ಉಬ್ಬೊಂದನ್ನು ಇನ್ನೊಂದು ತಟ್ಟೆಯ ಮೇಲೆ ರಚಿಸಬೇಕು. ತಟ್ಟೆಯನ್ನು ಟೇಬಲ್ಲಿಗೆ ಬಿಗಿದು, ಕಟ್ಟರನ್ನು ಒಂದೆಡೆ ನಿಲ್ಲಿಸಿ, ಟೇಬಲ್ಲನ್ನು ಪೂರ್ಣವಾಗಿ ತಿರುಗಿಸಿದರೆ ಉಂಟಾಗುವ ವೃತ್ತದ ಕೇಂದ್ರವು ಟೇಬಲ್ಲಿನ ಕೇಂದ್ರವೇ ಆಗಿರುತ್ತದೆ. ಹೀಗೆ ಉಪಕರಣವು ತನಗೆ ಬೇಕಾದ ಅಂಗಗಳನ್ನು ತಾನೇ ಹೆರುವುದು ಈ ವಿದ್ಯೆಯ ಒಂದು ಸೊಗಸು.

ಪ್ರಯೋಗ ಕ್ರಮ

ಸಾಧನಗಳು ಸಿದ್ಧವಾದ ಮೇಲೆ ಬಳಸುವ ಕ್ರಮವೂ ಮುಖ್ಯ. ಮೊದಲು ಮೇಜನ್ನೂ ವಸ್ತುವಿನ ತಳವನ್ನೂ ಒರೆಸಿ, ಅಂಚಿನ ಮುಳ್ಳುಗಳನ್ನು ಅರದಿಂದ ಅಥವಾ ಸಾಣೆಕಲ್ಲಿನಿಂದ ತೆಗೆಯಬೇಕು. ಬಳಿಕ ಮಿಲ್ಲಿಂಗ್ ಯಂತ್ರದ ಸ್ಪಿಂಡಲ್ಲಿಗೆ ಡಯಲ್ ಇಂಡಿಕೇಟರ್ ಕಟ್ಟಿ, ಅದರ ಮುಳ್ಳನ್ನು ಟೇಬಲ್ಲಿನ ನಡುವಣ ರಂಧ್ರದ ಒಳಗೋಡೆಗೆ ತಾಗಿಸಿ, ಸ್ಪಿಂಡಲ್ಲನ್ನು ಕೈಯಿಂದ ಒಂದು ಸುತ್ತು ತಿರುಗಿಸಬೇಕು. ಎದುರುಬದುರಿನ ಓದಿಕೆಗಳಲ್ಲಿ 0.20 ಮಿಲಿಮೀಟರ್ ವ್ಯತ್ಯಾಸ ಕಂಡರೆ ಕೇಂದ್ರವು ಸರಿದಿರುವುದು ಅದರ ಅರ್ಧ, ಅಂದರೆ 0.10 ಮಿಲಿಮೀಟರ್. ಅಷ್ಟನ್ನು ಸರಿಸಿ ಮತ್ತೆ ಪರೀಕ್ಷಿಸಬೇಕು. ಕೋನದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು: 100 ಮಿಲಿಮೀಟರ್ ತ್ರಿಜ್ಯದಲ್ಲಿ ಒಂದು ಕಲೆಯ ತಪ್ಪು ಸುಮಾರು 0.03 ಮಿಲಿಮೀಟರಿನಷ್ಟಾಗುತ್ತದೆ. ವರ್ಮಿಗೂ ಚಕ್ರಕ್ಕೂ ನಡುವೆ ಸ್ವಲ್ಪ ಸಡಿಲ ಇದ್ದೇ ಇರುವುದರಿಂದ ಹಿಡಿಕೆಯನ್ನು ಯಾವಾಗಲೂ ಒಂದೇ ದಿಕ್ಕಿನಿಂದ ಗುರಿಗೆ ತರಬೇಕು. ಗುಂಡಿ ತೋಡುವಾಗ ಟೇಬಲ್ಲಿಗೆ ಬೀಗ ಬಿಗಿದಿರಬೇಕು. ವೃತ್ತದ ಅಂಚನ್ನು ಕೊರೆಯುವಾಗ ವಸ್ತುವು ಕಟ್ಟರಿನ ಹಲ್ಲುಗಳು ಬರುವ ದಿಕ್ಕಿಗೆ ಎದುರಾಗಿಯೇ ಸಾಗಬೇಕು. ಹಲ್ಲುಗಳು ಓಡುವ ದಿಕ್ಕಿಗೇ ಸಾಗಿದರೆ ಕಟ್ಟರು ವಸ್ತುವನ್ನು ತನ್ನೆಡೆಗೆ ಕಸಿದುಕೊಳ್ಳುವ ಅಪಾಯವುಂಟು.

ಸಾಧಾರಣ ಮೇಜಿಗೂ ಇದಕ್ಕೂ ಒಂದು ಭೇದವಿದೆ. ಇಲ್ಲಿ ವಸ್ತುವಿನೊಡನೆ ಕ್ಲಾಂಪೂ ಸುತ್ತುತ್ತದೆ. ಈಗ ದೂರವಿದ್ದ ಬೋಲ್ಟು ಅರ್ಧ ಸುತ್ತಿನ ಬಳಿಕ ಕಟ್ಟರಿನ ಬಾಯಿಗೆ ಬರಬಹುದು. ಆದುದರಿಂದ ಯಂತ್ರವನ್ನು ಚಾಲೂ ಮಾಡುವ ಮುನ್ನ ಒಂದು ಪೂರ್ಣ ಸುತ್ತನ್ನು ಕೈಯಿಂದ ತಿರುಗಿಸಿ ನೋಡಬೇಕು. ನಡುವೆ ಕ್ಲಾಂಪನ್ನು ಬದಲಿಸಬೇಕಾಗಿ ಬಂದಾಗ ಯಂತ್ರವನ್ನು ನಿಲ್ಲಿಸಿ, ಹೊಸ ಕ್ಲಾಂಪನ್ನು ಬಿಗಿದ ಅನಂತರವೇ ಹಳೆಯದನ್ನು ಸಡಿಲಿಸಬೇಕು. ಹಿಡಿತ ತಪ್ಪಿದ ಉಕ್ಕಿನ ತುಂಡು ಎಲ್ಲಿ ಹಾರೀತೆಂದು ಹೇಳಬರುವುದಿಲ್ಲ. ಕೆಟ್ಟ ವಸ್ತುವನ್ನು ಮತ್ತೆ ಮಾಡಬಹುದು. ಹುಡುಗನ ಕಣ್ಣನ್ನೂ ಬೆರಳನ್ನೂ ಮತ್ತೆ ಮಾಡಲಾಗದು. ಕಣ್ಣಿಗೆ ಕನ್ನಡಕವಿರಲಿ, ತಿರುಗುವ ಯಂತ್ರದ ಬಳಿ ಕೈಗೆ ಕೈಚೀಲ ಬೇಡ, ಸಡಿಲ ತೋಳಿನ ಅಂಗಿಯೂ ಬೇಡ.

ಉಪಸಂಹಾರ

ಇಷ್ಟನ್ನು ನಿರೂಪಿಸಿದ ಮೇಲೆ ಈ ಸಂಪುಟದ ವಾಚಕರಲ್ಲಿ ಎರಡು ವಿಜ್ಞಾಪನೆಗಳಿವೆ. ಕೈಗಸುಬನ್ನು ಕಲಿಸುವ ಅಧ್ಯಾಪಕ ಮಿತ್ರರು ಸಾಮಾನ್ಯವಾಗಿ ಮುಗಿದ ವಸ್ತುವನ್ನು ಅಳೆದು ಅಂಕ ಕೊಡುತ್ತಾರೆ. ಯಂತ್ರ ತಿರುಗುವ ಮುನ್ನ ವಿದ್ಯಾರ್ಥಿಯು ವಸ್ತುವನ್ನು ಹೇಗೆ ಕೂರಿಸಿದ್ದಾನೆ, ಬೋಲ್ಟನ್ನು ಎಲ್ಲಿಟ್ಟಿದ್ದಾನೆ, ಒಂದು ಸುತ್ತು ತಿರುಗಿಸಿ ನೋಡಿದ್ದಾನೆಯೇ ಎಂಬುದನ್ನು ಪರೀಕ್ಷಿಸಿ ಅರ್ಧ ಅಂಕಗಳನ್ನು ಅದಕ್ಕೇ ಮೀಸಲಿಡುವುದು ಯುಕ್ತ. ಹಿಡಿತವನ್ನು ಕಲಿತವನಿಗೆ ಕೊರೆತವು ತಾನಾಗಿ ಬರುತ್ತದೆ. ಕೊರೆತವನ್ನಷ್ಟೇ ಕಲಿತವನು ಹಿಡಿತದ ಪಾಠವನ್ನು ಅಪಘಾತದಿಂದ ಕಲಿಯಬೇಕಾದೀತು.

ಶಾಲೆಗಳಿಗೆ ಯಂತ್ರಗಳನ್ನು ದಾನ ಮಾಡುವ ಮಹನೀಯರಲ್ಲಿ ಎರಡನೆಯ ಬಿನ್ನಹ. ಯಂತ್ರದ ಮೇಲೆ ದಾನಿಯ ಹೆಸರನ್ನು ಕೆತ್ತಲು ಸ್ಥಳವಿರುತ್ತದೆ. ಟೀ-ನಟ್ಟಿನ ಮೇಲೆ ಇರುವುದಿಲ್ಲ. ಆದರೂ ಯಂತ್ರದೊಡನೆ ಒಂದು ಪೆಟ್ಟಿಗೆ ಕ್ಲಾಂಪುಗಳನ್ನೋ, ಅವುಗಳನ್ನು ಮಕ್ಕಳೇ ಮಾಡಿಕೊಳ್ಳಲು ಒಂದಿಷ್ಟು ಉಕ್ಕಿನ ಪಟ್ಟಿ, ಅಲ್ಯೂಮಿನಿಯಂ ತಟ್ಟೆ, ಡ್ರಿಲ್ಲು, ಟ್ಯಾಪುಗಳನ್ನೋ ಕೊಟ್ಟರೆ, ಆ ದಾನದಿಂದಲೇ ಯಂತ್ರವು ಮೂಲೆಯಲ್ಲಿ ಧೂಳು ಹಿಡಿಯದೆ ಮಕ್ಕಳ ಕೈಯಲ್ಲಿ ತಿರುಗುತ್ತದೆ. ವ್ಯಾಕರಣದ ಪಾಠದಲ್ಲಿ ಅಧಿಕರಣವನ್ನು ಕೊನೆಗೆ ಹೇಳುವುದು ರೂಢಿ; ಕಾರ್ಯಾಗಾರದಲ್ಲಿ ಮಾತ್ರ ಅದನ್ನೇ ಮೊದಲು ಹೇಳಿಕೊಡಬೇಕೆಂದು ವಿನಂತಿಸಿ ವಿರಮಿಸುತ್ತೇನೆ.